ನಿಮ್ಮ ಮಾರು ಎಷ್ಟು ಇಂಚು? ಕಾಂಪೌಂಡ್ ಬಿಲ್ಲು ಕೊಳ್ಳುವ ಮೊದಲು ಅಳೆಯಬೇಕಾದದ್ದು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕೊಂಡವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮೊಳ ಅಂದ್ರೆ ಹೂ ಮಾರುವವರ ಮೊಳ, ನಮ್ಮದಲ್ಲ. ಉದ್ದ ಕೈಯವರ ಹತ್ತಿರ ಕೊಂಡರೆ ನಮಗೆ ಲಾಭ, ಗಿಡ್ಡ ಕೈಯವರ ಹತ್ತಿರ ಕೊಂಡರೆ ನಾಲ್ಕು ಹೂ ಕಡಿಮೆ. ಮಾರು ಕೂಡ ಹಾಗೇ. ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ ಎಷ್ಟೋ ಅಷ್ಟು, ಆಳಿಗೊಂದು ಅಳತೆ. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲು ಕೊಳ್ಳುವಾಗ ನಾನು ಮಾಡಿದ ತಪ್ಪು ಇದೇ: ಇನ್ನೊಬ್ಬರ ಮಾರಿಗೆ ಹೊಂದಿಸಿದ ಬಿಲ್ಲನ್ನು ದುಡ್ಡು ಕೊಟ್ಟು ಮನೆಗೆ ತಂದೆ.

ನನ್ನದು ಮಂಡ್ಯ. ಮೊದಲ ಬಿಲ್ಲು ಸೆಕೆಂಡ್ ಹ್ಯಾಂಡ್. ಮಾರಿದವರು "ಡ್ರಾ ಲೆಂಗ್ತ್ 29.5 ಇಂಚು, ಸ್ವಲ್ಪ ಉದ್ದ ಇದ್ರೆ ಒಳ್ಳೇದೇ, ಬಾಣ ಜೋರಾಗಿ ಹೋಗುತ್ತೆ" ಅಂದರು. ಡ್ರಾ ಲೆಂಗ್ತ್ ಅಂದ್ರೆ ಹೆದೆಯನ್ನು ಪೂರ್ತಿ ಎಳೆದಾಗ ಬರುವ ಉದ್ದ. ನಾನೂ ತಲೆ ಆಡಿಸಿದೆ. ಒಂದೇ ವಾರದಲ್ಲಿ ಎಡಗೈ ಒಳಭಾಗ ಬದನೆಕಾಯಿ ಬಣ್ಣಕ್ಕೆ ತಿರುಗಿತು, ಹೆದೆ ಪ್ರತಿ ಸಲ ಬಂದು ಅಲ್ಲೇ ಬಡಿಯುತ್ತಿತ್ತು. ಬಾಣಗಳು ಗುರಿಹಲಗೆಯ ಎಡಕ್ಕೊಂದು ಬಲಕ್ಕೊಂದು. ಅಭ್ಯಾಸ ಸಾಲದು ಅಂದುಕೊಂಡು ಎರಡು ತಿಂಗಳು ಸುಮ್ನೆ ಒದ್ದಾಡಿದೆ. ಆಮೇಲೆ ಟೇಪ್ ಹಿಡಿದು ಅಳೆದರೆ ನನಗೆ ಬೇಕಾದದ್ದು 27 ಇಂಚು! ಎರಡೂವರೆ ಇಂಚು ವ್ಯತ್ಯಾಸ ಅಂದ್ರೆ ಚಪ್ಪಲಿಯಲ್ಲಿ ಮೂರು ನಾಲ್ಕು ಸೈಜ್ ದೊಡ್ಡದು ಹಾಕಿಕೊಂಡು ಓಡಿದ ಹಾಗೆ.

ಈಗ ಕಾಂಪೌಂಡ್ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್‌ನ ಐದಕ್ಕೆ ಐದೂ ಚಿನ್ನ ಭಾರತಕ್ಕೇ ಬಂದವು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ಮಕ್ಕಳು ಕೇಳುತ್ತಾರೆ, ಅಪ್ಪಂದಿರು ಮೊಬೈಲಲ್ಲಿ ಬೆಲೆ ನೋಡುತ್ತಾರೆ. ಬೆಲೆ ಆಮೇಲೆ ನೋಡಿ. ಮೊದಲು ಟೇಪ್ ತನ್ನಿ.

ಇಷ್ಟೊಂದು ತಲೆಕೆಡಿಸಿಕೊಳ್ಳೋದು ಯಾಕೆ?

ಬಿದಿರಿನ ಬಿಲ್ಲಾಗಲಿ, ರಾಟೆ ಇಲ್ಲದ, ತುದಿ ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಾಗಲಿ, ಎಳೆದಷ್ಟೂ ಬರುತ್ತದೆ. ಎಳೆದಷ್ಟೂ ಭಾರ ಏರುತ್ತದೆ, ಅಷ್ಟೇ. ಉದ್ದ ಕೈಯವರು ಜಾಸ್ತಿ ಎಳೆಯುತ್ತಾರೆ, ಗಿಡ್ಡ ಕೈಯವರು ಕಡಿಮೆ. ಒಂದೇ ಬಿಲ್ಲು ಅಣ್ಣ ತಮ್ಮ ಇಬ್ಬರಿಗೂ ನಡೆಯುತ್ತದೆ.

ಕಾಂಪೌಂಡ್ ಹಾಗಲ್ಲ. ಅಮೆರಿಕದ ಮಿಸೌರಿಯ ಹಾಲೆಸ್ ಆಲನ್ ಎಂಬುವರು ಬಿಲ್ಲಿನ ತುದಿಗಳಿಗೆ ರಾಟೆ ಕಟ್ಟಿ, 1969ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಆ ರಾಟೆಯೇ ಈಗಿನ ಕ್ಯಾಮ್. ದುಂಡಗಿಲ್ಲದ, ಮೊಟ್ಟೆ ಆಕಾರದ ರಾಟೆ. ಎಳೆಯಲು ಶುರು ಮಾಡಿದ ಕೂಡಲೇ ಭಾರ ಮೇಲೇರುತ್ತದೆ, ಕ್ಯಾಮ್ ತಿರುಗಿದ ಮೇಲೆ ಒಮ್ಮೆಲೇ ಹಗುರ ಆಗುತ್ತದೆ. 50 ಪೌಂಡ್ ಬಿಲ್ಲನ್ನು ಎಳೆಯುವಾಗ 25 ಕೆಜಿ ಅಕ್ಕಿ ಮೂಟೆಗಿಂತ ಸ್ವಲ್ಪ ಕಡಿಮೆ ಭಾರ ಎಳೆದ ಹಾಗೆ ಇರುತ್ತದೆ. ಪೂರ್ತಿ ಎಳೆದ ಮೇಲೆ, ಲೆಟ್-ಆಫ್, ಅಂದ್ರೆ ಹಗುರ ಆಗುವ ಪ್ರಮಾಣ, ಶೇ 80 ಇದ್ದರೆ, ಹಿಡಿದು ನಿಲ್ಲಬೇಕಾದದ್ದು ಬರೀ 10 ಪೌಂಡ್, ಅಂದ್ರೆ ನಾಲ್ಕೂವರೆ ಕೆಜಿ. ಅದಾದ ಮೇಲೆ ಹೆದೆ ಗಟ್ಟಿಯಾಗಿ ನಿಂತುಬಿಡುತ್ತದೆ. ಇದನ್ನು ವಾಲ್ ಅನ್ನುತ್ತಾರೆ, ನಿಜಕ್ಕೂ ಗೋಡೆ ಮುಟ್ಟಿದ ಹಾಗೇ ಇರುತ್ತದೆ.

ಆ ಗೋಡೆ ಎಲ್ಲಿ ಬರಬೇಕು ಅನ್ನೋದನ್ನು ಕ್ಯಾಮ್ ನಿರ್ಧರಿಸುತ್ತದೆ, ನೀವಲ್ಲ. ನಿಮ್ಮ ಮುಖ ಇರುವ ಕಡೆ ಗೋಡೆ ಬರದಿದ್ದರೆ ಗೋಡೆ ಇರುವ ಕಡೆ ಮುಖ ತಗೊಂಡು ಹೋಗಬೇಕಾಗುತ್ತದೆ. ಕತ್ತು ಹಿಂದೆ ಬಾಗುತ್ತದೆ, ಸೊಂಟ ವಾಲುತ್ತದೆ, ಭುಜ ಮೇಲೇಳುತ್ತದೆ. ಬಿಲ್ಲು ನಮಗೆ ಹೊಂದೋದು ಬಿಟ್ಟು ನಾವು ಬಿಲ್ಲಿಗೆ ಹೊಂದಲು ಶುರು ಮಾಡುತ್ತೇವೆ.

ಅಂದ ಹಾಗೆ ಹೆದೆ ಅಂದ್ರೆ ಸ್ಟ್ರಿಂಗ್. ನಮ್ಮ ಮಂಡ್ಯ ಕಡೆ ಹಕಾರ ನುಂಗಿ ಮಾತಾಡುವವರಿಗೆ ಹೆದೆಯೂ ಎದೆಯೂ ಒಂದೇ ಆಗಿಬಿಡುತ್ತೆ, ಅದಕ್ಕೇ ಒಮ್ಮೆ ಹೇಳಿಬಿಟ್ಟೆ.

ಮೊದಲ ಕೆಲಸ: ಮಾರು ಅಳೆಯುವುದು

ಟೈಲರ್ ಟೇಪ್ ಸಾಕು. ಆದರೆ ಅದು 60 ಇಂಚಿಗೆ ಮುಗಿಯುತ್ತದೆ, ನಿಮ್ಮ ಮಾರು ಅದಕ್ಕಿಂತ ಉದ್ದ ಇರಬಹುದು. ಹಾಗಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ಪೆನ್ಸಿಲ್ ಗುರುತು ಹಾಕಿಸಿ, ಆಮೇಲೆ ಗುರುತುಗಳ ನಡುವೆ ಅಳೆಯೋದು ಸುಲಭ. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿ. ಎರಡೂ ಕೈ ಭುಜದ ಮಟ್ಟಕ್ಕೆ, ಅಂಗೈ ಮುಂದಕ್ಕೆ. ಮನೆಯವರೊಬ್ಬರು ಎರಡೂ ನಡುಬೆರಳ ತುದಿಗೆ ಗುರುತು ಹಾಕಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಅಳೆಯುತ್ತಾರೆ ಅಂದ ಕೂಡಲೇ ಎದೆ ಉಬ್ಬಿಸಿ, ಭುಜ ಕಿತ್ತು ಬರುವ ಹಾಗೆ ಕೈ ಚಾಚೋದು. ಬಸ್ಸಿನ ಕಂಬಿ ಹಿಡಿಯೋಕೆ ಹೋದವರ ಹಾಗೆ. ಹಾಗೆ ಚಾಚಿದರೆ ಒಂದೆರಡು ಇಂಚು ಸುಳ್ಳು ಸೇರಿಕೊಳ್ಳುತ್ತದೆ. ಮಾರಿನಲ್ಲಿ ಒಂದು ಇಂಚು ತಪ್ಪಿದರೆ ಡ್ರಾ ಲೆಂಗ್ತ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಇಂಚು ತಪ್ಪುತ್ತದೆ, ಮತ್ತು ಬಿಲ್ಲುಗಳು ಹೊಂದೋದೇ ಅರ್ಧರ್ಧ ಇಂಚಿನ ಲೆಕ್ಕದಲ್ಲಿ. ಸಡಿಲವಾಗಿ ನಿಲ್ಲಿ. ಮೂರು ಸಲ ಅಳೆಸಿ. ಮೂರೂ ಬೇರೆ ಬೇರೆ ಬಂದರೆ ಮಧ್ಯದ್ದನ್ನು ಇಟ್ಟುಕೊಳ್ಳಿ.

ಈಗ ಅದನ್ನು 2.5ರಿಂದ ಭಾಗಿಸಿ. ನನ್ನ ಮಾರು 69 ಇಂಚು, ಭಾಗಿಸಿದರೆ 27.6. ಸೆಂಟಿಮೀಟರ್‌ನಲ್ಲಿ ಅಳೆದಿದ್ದರೆ ಮೊದಲು 2.54ರಿಂದ ಭಾಗಿಸಿ ಇಂಚು ಮಾಡಿಕೊಳ್ಳಿ, ಯಾಕಂದ್ರೆ ಬಿಲ್ಲಿನ ಲೋಕದಲ್ಲಿ ಎಲ್ಲವೂ ಇಂಚು ಪೌಂಡಲ್ಲೇ ಇದೆ.

ಇನ್ನೊಂದು ಲೆಕ್ಕವೂ ಇದೆ. ಮಾರಿನಿಂದ 15 ಕಳೆದು ಅರ್ಧ ಮಾಡೋದು. ನನ್ನದಕ್ಕೆ 69ರಲ್ಲಿ 15 ಹೋದರೆ 54, ಅರ್ಧ 27. ನೋಡಿ, ಎರಡು ಲೆಕ್ಕಕ್ಕೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಬಂತು. 75 ಇಂಚು ಮಾರಿನವರಿಗೆ ಎರಡೂ ಲೆಕ್ಕ 30ಕ್ಕೇ ಬಂದು ನಿಲ್ಲುತ್ತವೆ. ಮಾರು ಗಿಡ್ಡ ಆದಷ್ಟೂ ಅಂತರ ಹೆಚ್ಚುತ್ತದೆ. 65ಕ್ಕೆ 26 ಮತ್ತು 25, 60ಕ್ಕೆ 24 ಮತ್ತು 22.5. ಅಂದ್ರೆ ಹೆಣ್ಣುಮಕ್ಕಳು, ಚಿಕ್ಕ ಆಳಿನವರು ಒಂದೇ ಲೆಕ್ಕ ನಂಬಿ ದುಡ್ಡು ಕೊಡಬಾರದು. ಎರಡೂ ಮಾಡಿ, ಆ ನಡುವಿನ ಜಾಗದಲ್ಲಿ ಎಲ್ಲೋ ನಿಮ್ಮ ನಂಬರ್ ಇದೆ ಅಂದುಕೊಳ್ಳಿ.

ಅನುಮಾನ ಬಂದರೆ ಗೋಡೆಯನ್ನೇ ಇನ್ನೊಮ್ಮೆ ಕೇಳಿ. ಗೋಡೆಗೆ ಪಕ್ಕವಾಗಿ ನಿಂತು, ಬಿಲ್ಲು ಹಿಡಿಯುವ ಕೈಯ ಮುಷ್ಟಿಯನ್ನು ಗೋಡೆಗೆ ಒತ್ತಿ, ಗುರಿ ನೋಡುವ ಹಾಗೆ ಮುಖ ಆ ಕಡೆ ತಿರುಗಿಸಿ. ಗೋಡೆಯಿಂದ ಬಾಯಿಯ ಮೂಲೆವರೆಗೆ ಎಷ್ಟಿದೆ ಅಂತ ಅಳೆಸಿ. ಇದು ಮಾರಿನ ಲೆಕ್ಕದ ಆಸುಪಾಸಿನಲ್ಲಿ ಬಂದರೆ ನೆಮ್ಮದಿ. ಎರಡು ಇಂಚು ಆಚೀಚೆ ಹೋದರೆ ಎಲ್ಲೋ ಅಳತೆ ತಪ್ಪಿದೆ, ಮೊದಲಿಂದ ಶುರು ಮಾಡಿ.

ಈ ಸೂತ್ರಗಳೆಲ್ಲ ಎರಡು ಕೈ, ಮಾಮೂಲಿ ಭುಜ ಇರುವವರಿಗೆ ಅನ್ನೋದೂ ನೆನಪಿರಲಿ. ಕೈಗಳೇ ಇಲ್ಲದ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು, ಭುಜದಿಂದ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು. ಅಲ್ಲಿ ಯಾವ 2.5ರ ಲೆಕ್ಕ ನಡೆಯುತ್ತೆ ಹೇಳಿ? ಭುಜದ ಹಳೇ ಪೆಟ್ಟು ಇರುವವರು, ಮೊಣಕೈ ಪೂರ್ತಿ ನೇರ ಆಗದವರು ಸೂತ್ರ ಪಕ್ಕಕ್ಕಿಟ್ಟು ನೇರವಾಗಿ ಬಿಲ್ಲು ಎಳೆದೇ ನೋಡಬೇಕು.

ನಂಬರ್ ಒಂದೇ, ಅರ್ಥ ಬೇರೆ

ಒಂದು ಗೊಂದಲ ಬಿಡಿಸಿಬಿಡೋಣ. ಕಂಪನಿಗಳು ಹೇಳುವ ಡ್ರಾ ಲೆಂಗ್ತ್ ಅಂದ್ರೆ, ಪೂರ್ತಿ ಎಳೆದಾಗ ಬಾಣ ಕಚ್ಚಿದ ಹೆದೆಯ ಜಾಗದಿಂದ ಬಿಲ್ಲಿನ ಹಿಡಿಯ ಅತಿ ಆಳದ ಜಾಗಕ್ಕೆ ಇರುವ ದೂರ, ಅದರ ಮೇಲೆ 1.75 ಇಂಚು. ಈ ಮುಕ್ಕಾಲು ಸೇರಿದ ಒಂದು ಇಂಚು ಯಾಕೆ ಅಂತ ಕೇಳಬೇಡಿ, ಅದು ಉದ್ಯಮದವರು ಒಪ್ಪಿಕೊಂಡ ಪದ್ಧತಿ. ಸ್ನೇಹಿತರೊಬ್ಬರು ಬರೀ ಹಿಡಿವರೆಗೆ ಅಳೆದು "ನಂದು ಇಪ್ಪತ್ತಾರು" ಅಂದರೆ ಕ್ಯಾಟಲಾಗ್ ಪ್ರಕಾರ ಅದು 27.75. ಹಾಗಾಗಿ ಯಾರದೇ ನಂಬರ್ ಕೇಳಿದಾಗ ಹೇಗೆ ಅಳೆದದ್ದು ಅಂತಲೂ ಕೇಳಿ.

ರಿಕರ್ವ್ ಹೊಡೆಯುತ್ತಿದ್ದವರು ಅದೇ ನಂಬರ್ ಇಟ್ಟುಕೊಂಡು ಕಾಂಪೌಂಡ್‌ಗೆ ಬರಬಾರದು. ರಿಕರ್ವ್‌ನಲ್ಲಿ ಬೆರಳಲ್ಲಿ ಎಳೆದು ಗದ್ದದ ಕೆಳಗೆ ಕೈ ನಿಲ್ಲಿಸುತ್ತೀರಿ. ಕಾಂಪೌಂಡ್‌ನಲ್ಲಿ ಹೆದೆಗೆ ಕಟ್ಟಿದ ಡಿ-ಲೂಪ್ ಎಂಬ ಸಣ್ಣ ಕುಣಿಕೆಗೆ ರಿಲೀಸ್ (ಟ್ರಿಗರ್ ಒತ್ತಿದರೆ ಹೆದೆ ಬಿಡುವ ಸಣ್ಣ ಸಾಧನ) ಸಿಕ್ಕಿಸಿ ಎಳೆಯುತ್ತೀರಿ, ಕೈ ದವಡೆ ಮೂಳೆಯ ಹತ್ತಿರ ನಿಲ್ಲುತ್ತದೆ. ಲೂಪ್ ಅರ್ಧ ಇಂಚಿನಷ್ಟು ಇರುತ್ತದೆ. ಲೂಪ್ ಉದ್ದ ಗಿಡ್ಡ ಮಾಡಿದರೆ ಕೈ ನಿಲ್ಲುವ ಜಾಗ ಬದಲಾಗುತ್ತದೆ, ಹೆದೆ ನಿಲ್ಲುವ ಜಾಗ ಬದಲಾಗಲ್ಲ. ಈ ಮಾತು ಆಮೇಲೆ ಉಪಯೋಗಕ್ಕೆ ಬರುತ್ತದೆ. ಹೆದೆ ಮುಖಕ್ಕೆ ಸರಿಯಾಗಿ ಬಂದು ಕೈ ಮಾತ್ರ ಇಕ್ಕಟ್ಟಾಗಿದ್ದರೆ ಲೂಪ್ ಅಥವಾ ರಿಲೀಸ್ ಸರಿ ಮಾಡಿ. ಹೆದೆಯೇ ತಪ್ಪು ಜಾಗಕ್ಕೆ ಬಂದರೆ ಮಾತ್ರ ಬಿಲ್ಲಿಗೆ ಕೈ ಹಾಕಿ.

ಎಳೆದು ನೋಡುವುದು

ಲೆಕ್ಕ ಅಂದಾಜು ಅಷ್ಟೇ, ತೀರ್ಮಾನ ಆಗೋದು ಬಿಲ್ಲು ಎಳೆದಾಗ. ಅದಕ್ಕೇ ಎಳೆದು ನೋಡದೆ ಕೊಳ್ಳಬೇಡಿ ಅನ್ನೋದು. ಮೈಸೂರಲ್ಲೋ ಬೆಂಗಳೂರಲ್ಲೋ ಅಭ್ಯಾಸ ಮಾಡುವವರ ಹತ್ತಿರ ಹೋಗಿ, ನಿಮ್ಮ ನಂಬರಿಗೆ ಹತ್ತಿರ ಇರುವ ಬಿಲ್ಲನ್ನು ಒಮ್ಮೆ ಎಳೆದು ನೋಡ್ತೀನಿ ಅಂತ ಕೇಳಿ. ಬಿಲ್ಲುಗಾರರು ಸಾಮಾನ್ಯವಾಗಿ ಇಲ್ಲ ಅನ್ನಲ್ಲ, ಬದಲಿಗೆ ಒಂದು ಗಂಟೆ ಮಾತಾಡಿಸಿ ಕಳಿಸ್ತಾರೆ.

ಬಾಣ ಹಾಕಿಯೇ ಎಳೆಯಿರಿ, ಗುರಿಹಲಗೆಯ ಕಡೆಗೇ ಎಳೆಯಿರಿ. ಖಾಲಿ ಹೆದೆ ಎಳೆದು ಕೈ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್ ಬಡಿದು ಲಿಂಬ್ (ಬಿಲ್ಲಿನ ಬಾಗುವ ತೋಳು) ಒಡೆಯಬಹುದು, ಹೆದೆ ಹರಿಯಬಹುದು, ಕಣ್ಣಿಗೇ ಬರಬಹುದು. ಮನೆಯಲ್ಲಿ ಬಿಲ್ಲು ಇದ್ದರೆ ಬಂದ ನೆಂಟರೆಲ್ಲ "ಒಂದ್ಸಲ ಎಳೀಲಾ?" ಅಂತಾರೆ, ಆಯುಧ ಪೂಜೆ ದಿನ ಅಂತೂ ಕೇಳಲೇಬೇಡಿ. ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ. ಕುಂಕುಮವನ್ನೂ ಹಿಡಿಗೆ ಮಾತ್ರ ಇಡಿ, ಹೆದೆಗೆ, ಕ್ಯಾಮ್‌ಗೆ ಬೇಡ.

ಭಾರ ಕಡಿಮೆ ಇರುವ ಬಿಲ್ಲಲ್ಲೇ ನೋಡಿ. ದೊಡ್ಡವರಿಗೆ ಶುರುವಿಗೆ 30ರಿಂದ 40 ಪೌಂಡ್ ಸಾಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೇ 60 ಪೌಂಡ್ ದಾಟುವಂತಿಲ್ಲ. ಎಳೆಯುವಾಗ ಬಿಲ್ಲನ್ನು ಆಕಾಶಕ್ಕೆ ಎತ್ತಿ ಒದ್ದಾಡಿ ಎಳೆಯಬೇಕಾದರೆ ಭಾರ ಜಾಸ್ತಿ ಆಯಿತು ಅಂತ ಅರ್ಥ. ಆ ಒದ್ದಾಟದಲ್ಲಿ ಡ್ರಾ ಲೆಂಗ್ತ್ ಸರಿಯೋ ತಪ್ಪೋ ಗೊತ್ತೇ ಆಗಲ್ಲ.

ಪೂರ್ತಿ ಎಳೆದು, ಬಿಲ್ಲಿನ ಆ ಗೋಡೆ (ವಾಲ್) ಮುಟ್ಟಿಸಿ, ಒಂದೆರಡು ಉಸಿರು ನಿಲ್ಲಿ. ಜೊತೆಗೆ ಬಂದವರು ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಯಲಿ. ನಮಗೆ ನಾವು ಕಾಣಲ್ಲ, ಹಾಗಾಗಿ ಫೋಟೋ ಬೇಕೇ ಬೇಕು. ನನ್ನ ಹಳೇ ಫೋಟೋ ನೋಡಿದರೆ ಈಗಲೂ ನಗು ಬರುತ್ತದೆ, ತೆಂಗಿನಮರದ ತುದಿ ನೋಡುತ್ತಿರುವವನ ಹಾಗೆ ಹಿಂದಕ್ಕೆ ವಾಲಿದ್ದೇನೆ.

ಬೆನ್ನು ನೇರ ಇರಬೇಕು. ತಲೆ ಸುಮ್ಮನೆ ಗುರಿ ಕಡೆ ತಿರುಗಿರಬೇಕು, ಮುಂದೂ ಚಾಚಬಾರದು ಹಿಂದೂ ಬಾಗಬಾರದು. ಹೆದೆ ಮೂಗಿನ ತುದಿಗೆ ಮೆಲ್ಲಗೆ ತಾಗಿ, ಬಾಯಿಯ ಮೂಲೆಯ ಪಕ್ಕ ಹಾದುಹೋಗಬೇಕು. ಬಿಲ್ಲು ಹಿಡಿದ ಕೈ ನೇರ ಇರಬೇಕು ಆದರೆ ಮೊಣಕೈ ಕೀಲು ಕಟ್ಟಿರಬಾರದು. ಆ ಕಡೆ ಭುಜ ಕೆಳಗೆ ಕೂತಿರಬೇಕು. ಎಳೆದ ಕೈಯ ಮೊಣಕೈ ಬಾಣದ ನೇರಕ್ಕೆ, ಅಥವಾ ಸ್ವಲ್ಪ ಮೇಲೆ.

ಉದ್ದ ಜಾಸ್ತಿ ಆಗಿದ್ದರೆ ಹೆದೆ ಮೂಗು ದಾಟಿ ಕೆನ್ನೆ ಮೇಲೆ ಹೋಗುತ್ತದೆ, ಕೈ ಕಿವಿಯ ಹಿಂದೆ ಹೋಗಿ ನಿಲ್ಲುತ್ತದೆ, ಮೇಲುಮೈ ಹಿಂದಕ್ಕೆ ವಾಲುತ್ತದೆ, ಬಿಲ್ಲಿನ ಕೈ ಕೀಲು ಕಟ್ಟುತ್ತದೆ. ಹೆದೆ ತೋಳಿಗೆ ಬಡಿಯೋದೂ ಹೆಚ್ಚಾಗಿ ಇದರಿಂದಲೇ. ಕಿವಿವರೆಗೆ ಹೆದೆ ಎಳೆಯೋದು ಯಕ್ಷಗಾನದ ಅರ್ಜುನನಿಗೆ ಚೆಂದ, ಕಾಂಪೌಂಡ್‌ಗಲ್ಲ. ಗಿಡ್ಡ ಆಗಿದ್ದರೆ ಉಲ್ಟಾ: ಹೆದೆ ಹುಡುಕಿಕೊಂಡು ತಲೆ ಮುಂದೆ ಹೋಗುತ್ತದೆ, ಬಿಲ್ಲಿನ ಕೈ ಮಡಚಿಕೊಳ್ಳುತ್ತದೆ, ಎಳೆದ ಮೊಣಕೈ ಹಿಂದೆ ಹೋಗದೆ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಸಿಟಿ ಬಸ್ಸಿನಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವರಾಗಿ ಕೂತ ಹಾಗೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಗುರಿಹಲಗೆಗೆ ನಾಲ್ಕೈದು ಅಡಿ ದೂರ ನಿಂತು, ಎಳೆದು, ಟ್ರಿಗರ್‌ನಿಂದ ಬೆರಳು ದೂರ ಇಟ್ಟು ಕಣ್ಣು ಮುಚ್ಚಿ. ಕೈ, ಮೂಗು, ತಲೆ ಎಲ್ಲ ಆರಾಮಾದ ಜಾಗಕ್ಕೆ ಬರಲಿ. ಈಗ ಕಣ್ಣು ಬಿಡಿ. ಹೆದೆಯೊಳಗೆ ಕೂರಿಸಿದ ಪೀಪ್ ಎಂಬ ಸಣ್ಣ ತೂತು ಕಣ್ಣ ಮುಂದೆಯೇ ಇದ್ದರೆ ಸರಿ. ಮೇಲೆ ಕೆಳಗೆ ಇದ್ದರೆ ಪೀಪ್ ಜರುಗಿಸಬೇಕು, ಅದು ಸಣ್ಣ ಕೆಲಸ. ತಲೆಯನ್ನೇ ಮುಂದೆ ಹಿಂದೆ ಒಯ್ಯಬೇಕಾದರೆ ಡ್ರಾ ಲೆಂಗ್ತ್ ತಪ್ಪು.

ಎರಡು ನಂಬರ್ ನಡುವೆ ಸಿಕ್ಕಿಕೊಂಡಿದ್ದರೆ ಗಿಡ್ಡದನ್ನೇ ತಗೊಳ್ಳಿ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಅರ್ಧ ಇಂಚು ಗಿಡ್ಡ ಇದ್ದರೆ ಲೂಪ್‌ನಲ್ಲೋ ರಿಲೀಸ್‌ನಲ್ಲೋ ಸುಧಾರಿಸಬಹುದು. ಅರ್ಧ ಇಂಚು ಉದ್ದ ಇದ್ದರೆ ಮೈಯೇ ಸುಧಾರಿಸಬೇಕು.

ವೇಗದ ಆಸೆಗೆ ಬೀಳಬೇಡಿ. ಡ್ರಾ ಲೆಂಗ್ತ್ ಒಂದು ಇಂಚು ಹೆಚ್ಚಾದರೆ ಸೆಕೆಂಡಿಗೆ ಸುಮಾರು 10 ಅಡಿ ವೇಗ ಹೆಚ್ಚುತ್ತೆ, ನಿಜ. ಆದರೆ ಕ್ಯಾಟಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವ ವೇಗ ಸಾಮಾನ್ಯವಾಗಿ 30 ಇಂಚು, 70 ಪೌಂಡ್, 350 ಗ್ರೇನ್ ತೂಕದ ಬಾಣದ ಲೆಕ್ಕ. 27 ಇಂಚು 40 ಪೌಂಡಿನ ನಮಗೆ ಅದು ಸಿಗೋದಿಲ್ಲ. ಮೈಲೇಜ್ ಜಾಹೀರಾತು ನೋಡಿ ಬೈಕ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ

"ಈ ಬಿಲ್ಲಿನ ಡ್ರಾ ಲೆಂಗ್ತ್ ಹೇಗೆ ಬದಲಾಯಿಸೋದು?" ಇದೊಂದು ಪ್ರಶ್ನೆ ಕೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಕೆಲವು ಬಿಲ್ಲುಗಳಲ್ಲಿ ಕ್ಯಾಮ್ ಮೇಲೆ ತಿರುಗುವ ಮಾಡ್ಯೂಲ್ ಎಂಬ ಸಣ್ಣ ತುಂಡು ಇರುತ್ತದೆ. ಅಲೆನ್ ಕೀಯಲ್ಲಿ ಸ್ಕ್ರೂ ಸಡಿಲಿಸಿ, ಬೇಕಾದ ಗುರುತಿಗೆ ತಿರುಗಿಸಿ, ಬಿಗಿ ಮಾಡಿದರೆ ಮುಗೀತು. ಎರಡು ಕ್ಯಾಮ್‌ನಲ್ಲೂ ಮಾಡ್ಯೂಲ್ ಇದ್ದರೆ ಎರಡನ್ನೂ ಒಂದೇ ಗುರುತಿಗೆ ತರಬೇಕು, ಮರೀಬೇಡಿ. ಇನ್ನು ಕೆಲವಕ್ಕೆ ಅರ್ಧ ಇಂಚಿಗೊಂದು ಬೇರೆ ಮಾಡ್ಯೂಲ್ ಕೊಳ್ಳಬೇಕು. ಮೂರನೆಯ ಥರದಲ್ಲಿ ಕ್ಯಾಮ್ ಅನ್ನೇ ಬದಲಾಯಿಸಬೇಕು, ಅದಕ್ಕೆ ಬೋ ಪ್ರೆಸ್ ಎಂಬ ಯಂತ್ರ ಬೇಕು, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಆಗುವ ಕೆಲಸ ಅಲ್ಲ. ನನ್ನ 29.5 ಇಂಚಿನದು ಈ ಮೂರನೆಯ ಜಾತಿ.

ಮೊದಲ ಬಿಲ್ಲಿಗೆ ತಿರುಗುವ ಮಾಡ್ಯೂಲ್ ಇರುವುದೇ ಒಳ್ಳೆಯದು. ನಿಮ್ಮ ನಂಬರ್ ಅದರ ಮಿತಿಯ ಮಧ್ಯದಲ್ಲಿ ಬರಲಿ, ಅಂಚಿನಲ್ಲಿ ಬೇಡ. ನಿಮಗೆ 27 ಬೇಕಿದ್ದು ಬಿಲ್ಲು 27ರಿಂದ 31ರದ್ದಾದರೆ, ನಾಳೆ ಅರ್ಧ ಇಂಚು ಇಳಿಸಬೇಕು ಅನ್ನಿಸಿದಾಗ ದಾರಿ ಇರಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಲಿಂಬ್ ಮೇಲಿನ ಸ್ಟಿಕ್ಕರ್ ನಂಬಬೇಡಿ, ಹಿಂದಿನವರು ಮಾಡ್ಯೂಲ್ ಬದಲಿಸಿರಬಹುದು, ಹೆದೆ ಹಳೆಯದಾಗಿ ಸ್ವಲ್ಪ ಹಿಗ್ಗಿರಬಹುದು. ಟೇಪ್ ಜೊತೆಗೇ ಹೋಗಿ. ಒಂದು ಉದ್ದ ಬಾಣ ಹಾಕಿ ಎಳೆದು ನಿಲ್ಲಿ, ಹಿಡಿಯ ಆಳದ ಜಾಗದ ನೇರಕ್ಕೆ ಬಾಣದ ಮೇಲೆ ಇನ್ನೊಬ್ಬರು ಪಕ್ಕದಿಂದ ಮಾರ್ಕರ್ ಗುರುತು ಹಾಕಲಿ, ಬಾಣದ ಮುಂದೆ ಯಾರೂ ಬರಬಾರದು. ಇಳಿಸಿ, ಬಾಣದ ಹಿಂತುದಿಯಲ್ಲಿ ಹೆದೆಗೆ ಸಿಕ್ಕಿಸುವ ನಾಕ್‌ನ ಕಚ್ಚಿನಿಂದ ಗುರುತಿಗೆ ಅಳೆದು 1.75 ಸೇರಿಸಿ.

ಮಕ್ಕಳಿಗಾದರೆ ಬೇರೆ ಮಾತು. ಬೆಳೆಯುವ ಹುಡುಗನಿಗೆ ಈ ವರ್ಷದ ನಂಬರ್ ಮುಂದಿನ ವರ್ಷ ಇರಲ್ಲ, ಶಾಲೆ ಯೂನಿಫಾರ್ಮ್ ಪ್ಯಾಂಟಿನ ಹಾಗೆ. ಜೆನೆಸಿಸ್ ಅಂತ ಒಂದು ಬಿಲ್ಲಿದೆ, ನೋಡಲು ಕಾಂಪೌಂಡ್, ಆದರೆ ಲೆಟ್-ಆಫ್ ಇಲ್ಲ, ಗೋಡೆ ಇಲ್ಲ. 15ರಿಂದ 30 ಇಂಚಿನವರೆಗೆ ಯಾರು ಎಷ್ಟು ಎಳೆದರೂ ನಡೆಯುತ್ತೆ. ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ ಅಂಥದ್ದರಲ್ಲಿ ಶುರು ಮಾಡಿಸಿ.

ಬಾಣ ಕೊನೆಗೆ ಕೊಳ್ಳಿ. ಡ್ರಾ ಲೆಂಗ್ತ್ ಗಟ್ಟಿ ಆಗದೆ ಬಾಣ ಕತ್ತರಿಸಿಕೊಂಡರೆ ಎರಡನೇ ಸಲ ಕೊಳ್ಳೋದು ಖಂಡಿತ. ಪೂರ್ತಿ ಎಳೆದಾಗ ಬಾಣದ ತುದಿ, ಬಿಲ್ಲಿನ ಮೇಲೆ ಬಾಣ ಕೂರುವ ರೆಸ್ಟ್‌ಗಿಂತ ಒಂದು ಇಂಚಾದರೂ ಮುಂದೆ ಇರಬೇಕು. ಹಿಂದೆ ಜಾರಿ ಬಿದ್ದ ಬಾಣ ಹೊರಟರೆ ನೇರ ನಿಮ್ಮ ಕೈಗೇ. ಮತ್ತೆ, ಹಿಂದೆ ಗಟ್ಟಿ ತಡೆ ಇಲ್ಲದ ಜಾಗದಲ್ಲಿ ಹೊಡೆಯಬೇಡಿ. ನಾನು ಒಮ್ಮೆ ಕಬ್ಬಿನ ಗದ್ದೆಯ ಅಂಚಿನಲ್ಲಿ ಗುರಿಹಲಗೆ ಇಟ್ಟಿದ್ದೆ, ತಪ್ಪಿದ ಎರಡು ಬಾಣ ಕಬ್ಬು ಕಡಿಯುವಾಗ ಸಿಕ್ಕವು. ಆಳುಗಳ ಕಾಲಿಗೆ ಸಿಗಲಿಲ್ಲ ಅನ್ನೋದೇ ಪುಣ್ಯ, ಆವತ್ತೇ ಆ ಜಾಗ ಬಿಟ್ಟೆ. ಬಂಡೀಪುರ, ನಾಗರಹೊಳೆ ಪಕ್ಕದಲ್ಲೇ ಇದೆ ಅಂತ ಬೇರೆ ಯೋಚನೆ ಬಂದರೆ, 1972ರ ವನ್ಯಜೀವಿ ಕಾಯ್ದೆ ಬಿಲ್ಲಿನ ಬೇಟೆಗೂ ಅನ್ವಯ ಆಗುತ್ತೆ.

ಕೊಂಡು ಒಂದು ತಿಂಗಳಾದ ಮೇಲೆ ಮತ್ತೆ ಫೋಟೋ ತೆಗೆಸಿ. ಬೆನ್ನಿನ ಸ್ನಾಯು ಪಳಗಿದ ಹಾಗೆ ನಿಲುವು ಬದಲಾಗುತ್ತೆ, ನಾನು ನನ್ನ ಮುಂದಿನ ಬಿಲ್ಲನ್ನು ಮೊದಲು 27.5ಕ್ಕೆ ಇಟ್ಟು ಆಮೇಲೆ 27ಕ್ಕೆ ಇಳಿಸಿದೆ. ಮಾಡ್ಯೂಲ್ ಬದಲಿಸಿದ ಮೇಲೆ ಪೀಪ್, ಸೈಟ್ (ಗುರಿ ನೋಡುವ ಸಾಧನ) ಎರಡನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಮಾಡ್ಯೂಲ್ ಗುರುತು, ಲೂಪ್ ಉದ್ದ ಬರೆದಿಡಿ.

ಆ 29.5 ಇಂಚಿನ ಬಿಲ್ಲು ಏನಾಯಿತು ಅಂದ್ರೆ, ವರ್ಷ ಆದ ಮೇಲೆ ಅದನ್ನು ಕೇಳಿಕೊಂಡು ಒಬ್ಬ ಕಬಡ್ಡಿ ಆಡುವ ಹುಡುಗ ಬಂದ. ಆಳು ಉದ್ದ, ಕೈ ಇನ್ನೂ ಉದ್ದ. ರೇಟ್ ಎಷ್ಟು ಸಾರ್ ಅಂದ. ಮೊದಲು ಗೋಡೆಗೆ ಬೆನ್ನು ಕೊಟ್ಟು ಕೈ ಚಾಚಪ್ಪ ಅಂದೆ. ಅವನ ಮಾರು 74 ಇಂಚು.